ಲತೀಫಾಳ ಮಳೆಗಾಲದ ಕೆಮ್ಮು

ಶ್ರಾವಣ ಬಂತೆಂದರೆ ಬಸವಕಲ್ಯಾಣದ ಹೂವಿನವರಿಗೆ ಉಣ್ಣಲೂ ಪುರಸೊತ್ತಿರುವುದಿಲ್ಲ. ಸೋಮವಾರ ನಾರಾಯಣಪುರದ ಶಿವನಿಗೆ ಹಾರ, ಗುರುವಾರ ದರ್ಗಾಕ್ಕೆ ಹೂವಿನ ಚಾದರ, ಶುಕ್ರವಾರ ಲಕ್ಷ್ಮಿಗೆ ದಂಡೆ. ಇದರ ನಡುವೆ ಯಾರದೋ ನಿಶ್ಚಯ, ಯಾರಿಗೋ ಸನ್ಮಾನ. ಕೋಟೆಯ ಹಾದಿಯಲ್ಲಿ ಮಹೆಬೂಬನದೊಂದು ಸಣ್ಣ ಹೂವಿನ ಅಂಗಡಿ. ಅಂಗಡಿಯಲ್ಲಿ ಕೂತು ಮಾರುವವನು ಅವನು, ಮನೆಯಲ್ಲಿ ಕೂತು ಕಟ್ಟುವವಳು ಅವನ ಹೆಂಡತಿ ಲತೀಫಾ. ಅವಳ ಕೈ ಎಷ್ಟು ಚುರುಕೆಂದರೆ, ಬಾಯಿ ಅತ್ತೆಯ ಜೊತೆ ಜಗಳಕ್ಕೆ ನಿಂತಾಗಲೂ ಬೆರಳು ಗಂಟು ತಪ್ಪುತ್ತಿರಲಿಲ್ಲ.

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು.

ಎಲ್ಲ ಕಸುಬಿಗೂ ಒಂದು ಒಳಗುಟ್ಟು ಇರುತ್ತದೆ. ಶ್ರಾವಣದಲ್ಲಿ ಸೇವಂತಿ, ಕಾಕಡಾ ಮಲ್ಲಿಗೆ ಎಲ್ಲ ತುಟ್ಟಿ. ಹಾರ ತೆಳ್ಳಗಾದರೆ ಗಿರಾಕಿ ಮೂಗು ಮುರಿಯುತ್ತಾನೆ. "ಏನ್ರೀ ಮಹೆಬೂಬ್ ಭಾಯಿ, ಇದು ಹಾರ ಅದನೋ ದಾರ ಅದನೋ?" ಎಂದು ಕೇಳುತ್ತಾನೆ. ಅದಕ್ಕೊಂದು ಉಪಾಯವನ್ನು ಮಹೆಬೂಬನ ಅಪ್ಪನ ಕಾಲದಲ್ಲೇ ಹುಡುಕಿದ್ದರು. ಮಳೆ ಬಿದ್ದೊಡನೆ ಕೋಟೆಯ ಹಿಂದಿನ ಬಯಲಲ್ಲಿ ಕಾಂಗ್ರೆಸ್ ಕಸ, ಅಂದರೆ ಪಾರ್ಥೇನಿಯಂ ಗಿಡ, ಸೊಂಟದೆತ್ತರ ಏಳುತ್ತದೆ. ಅದರ ತುದಿಗೆ ಅಕ್ಕಿ ನುಚ್ಚಿನಂಥ ಬಿಳಿ ಹೂವು. ಅದನ್ನು ಕೊಯ್ದು ತಂದು ಸೇವಂತಿಯ ನಡುನಡುವೆ ಸೇರಿಸಿ ಕಟ್ಟಿದರೆ ಹಾರ ಮೈದುಂಬಿಕೊಳ್ಳುತ್ತದೆ. ದೂರದಿಂದ ನೋಡಿದವರಿಗೆ ಅದೂ ಒಂದು ನಾಜೂಕಾದ ಹೂವೇ. ದೇವರು ಬೇಡವೆನ್ನಲಿಲ್ಲ, ಗಿರಾಕಿಗೆ ಗೊತ್ತಾಗಲಿಲ್ಲ.

ಲತೀಫಾ ಸೊಸೆಯಾಗಿ ಬಂದಾಗಿನಿಂದ ಈ ಕಸವನ್ನು ತಾನೇ ಕೊಯ್ದು ತರುತ್ತಿದ್ದಳು. ಬಾಡಬಾರದೆಂದು ಹಸಿ ಗೋಣಿಚೀಲ ಹೊದಿಸಿ, ತಾವು ಮಲಗುವ ಕೋಣೆಯ ಮೂಲೆಯಲ್ಲೇ ಒಟ್ಟುತ್ತಿದ್ದಳು. ಒಂದು ಸೀನು ಬಂದದ್ದಿಲ್ಲ, ಒಂದು ಗಂಧೆ ಎದ್ದದ್ದಿಲ್ಲ. ಹೋದ ವರ್ಷ ಮಾತ್ರ ಶ್ರಾವಣದಲ್ಲಿ ನೆಗಡಿ ಹಿಡಿದು, ದೀಪಾವಳಿ ಹೊತ್ತಿಗೆ ತಾನಾಗಿಯೇ ಹೋಗಿತ್ತು. ಮಳೆಗಾಲದ ನೆಗಡಿಯನ್ನು ಯಾರು ಲೆಕ್ಕಕ್ಕಿಡುತ್ತಾರೆ?

ಈ ವರ್ಷ ಅದು ನೆಗಡಿಯಾಗಿ ಉಳಿಯಲಿಲ್ಲ. ಬೆಳಗ್ಗೆ ಎದ್ದರೆ ಸಾಲು ಸಾಲು ಸೀನು. ಕಣ್ಣಿಗೆ ಮೆಣಸಿನಪುಡಿ ಎರಚಿದ ಹಾಗೆ ಉರಿ, ತುರಿಕೆ. ಮೂಗಿನಿಂದ ನೀರು ಸುರಿದು ಸುರಿದು ಸೆರಗು ಒದ್ದೆ. ಆಮೇಲೆ ಒಣ ಕೆಮ್ಮು ಶುರುವಾಯಿತು. ಅದು ಎದೆಗಿಳಿದು, ನಸುಕಿನಲ್ಲಿ ಉಸಿರೆಳೆದರೆ ಒಳಗೆ ಸಣ್ಣಗೆ ಸೀಟಿ ಹೊಡೆದಂತೆ ಸದ್ದಾಗತೊಡಗಿತು.

ಆ ಸದ್ದು ಕೇಳಿದ ದಿನ ಲತೀಫಾಗೆ ತನ್ನ ತಾಯಿ ನೆನಪಾದಳು. ಅವಳ ತವರು ಕೊಹಿನೂರು. ಅವಳು ಸಣ್ಣವಳಿದ್ದಾಗ ತಾಯಿ ಕೆಮ್ಮಿ ಕೆಮ್ಮಿ ಸತ್ತಿದ್ದಳು. ಟಿ.ಬಿ. ಆಗಿತ್ತು. ಹಿತ್ತಿಲ ಚಪ್ಪರದಲ್ಲಿ ತಾಯಿಗೆ ಬೇರೆ ಹಾಸಿಗೆ, ಬೇರೆ ತಾಟು. ಲತೀಫಾ ಹತ್ತಿರ ಹೋದರೆ ಮನೆಯವರು ರಟ್ಟೆ ಹಿಡಿದು ಎಳೆಯುತ್ತಿದ್ದರು. ಕಡೆಯ ದಿನಗಳಲ್ಲಿ ತಾಯಿ ತನ್ನ ಕಡೆ ಕೈಚಾಚಿದ್ದು, ತಾನು ಹೋಗದೇ ಬಾಗಿಲ ಮರೆಯಲ್ಲಿ ನಿಂತದ್ದು ಅವಳು ಇನ್ನೂ ಮರೆತಿರಲಿಲ್ಲ. 'ಈಗ ನನಗೂ ಬಂತು. ಇನ್ನು ನನ್ನಿಂದ ನನ್ನ ಮಗಳಿಗೆ' ಎಂದುಕೊಂಡಳು.

ಮಗಳು ಮಿಸ್ಬಾ, ಆರು ವರ್ಷದ ಪೋರಿ. ಶಾಲೆಯಿಂದ ಬಂದವಳೇ ಪಾಟಿಚೀಲ ಒಗೆದು ತಾಯಿಯ ತೊಡೆಗೆ ಬೀಳುವುದು ಅವಳ ರೂಢಿ. ಆ ದಿನ ಲತೀಫಾ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂದ್ರು! ದೂರ ನಿಂದ್ರು!"

"ಯಾಕ ಅಮ್ಮೀ?"

"ನಿಂದ್ರು ಅಂದ್ರ ನಿಂದ್ರು. ಹೋಗು, ದಾದಿ ಬಲ್ಲಿ ಹೋಗು."

ಅಂದಿನಿಂದ ಮಿಸ್ಬಾಳ ಹಾಸಿಗೆ ದಾದಿಯ, ಅಂದರೆ ಅಜ್ಜಿಯ, ಪಕ್ಕಕ್ಕೆ ಹೋಯಿತು. ಲತೀಫಾ ತನ್ನ ತಾಟನ್ನು ತಾನೇ ಬೇರೆ ತೊಳೆದಿಡತೊಡಗಿದಳು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ತಾನು ನೆನೆದದ್ದು ಖರೆಯಾಗಿಬಿಡುತ್ತದೆ ಎಂಬ ಹೆದರಿಕೆ. ಹೆದರಿದವರ ಬುದ್ಧಿ ಎಲ್ಲಿ ನೆಟ್ಟಗಿರುತ್ತದೆ?

ಅತ್ತೆ ಸರ್ದಾರಬಿಗೆ ಇದೆಲ್ಲ ಕಾಣದೇ ಇರಲಿಲ್ಲ. ಆದರೆ ಅವಳು ಕಂಡುಹಿಡಿದ ಕಾರಣವೇ ಬೇರೆ.

"ನಜರ್ ಆಗೇದ ನಿನಗ. ಶ್ರಾವಣದಾಗ ಧಂದೆ ಛಲೋ ನಡೆದಿದ್ದು ಯಾರ್ದೋ ಕಣ್ಣಿಗೆ ಬಿದ್ದದ. ಬಾ, ಲೋಬಾನ ಹಾಕ್ತೀನಿ."

ಕಿಟಕಿ, ಬಾಗಿಲು ಮುಚ್ಚಿ ಕೆಂಡದ ಮೇಲೆ ಲೋಬಾನ ಉದುರಿಸಿದಳು. ಕೋಣೆಯ ತುಂಬ ಹೊಗೆ. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಲತೀಫಾ ಕೆಮ್ಮುತ್ತಾ ಹೊರಗೋಡಿ ಅಂಗಳದ ಗೋಡೆ ಹಿಡಿದು ನಿಂತಳು. "ನೋಡಿದ್ಯಾ, ನಜರ್ ಹ್ಯಾಂಗ ಬಿಟ್ಟು ಹೊಂಟದ!" ಎಂದು ಸರ್ದಾರಬಿ ಖುಷಿಪಟ್ಟಳು.

ಅದೇ ಹೊತ್ತಿಗೆ ಸರಕಾರಿ ದವಾಖಾನೆಯ ವಿಜಯಶ್ರೀ ಸಿಸ್ಟರ್ ಬಾಗಿಲಿಗೆ ಬಂದರು. ಹಿಂದಿನ ಓಣಿಯಲ್ಲೇ ಅವರ ಮನೆ. ಮಕ್ಕಳಿಗೆ ಲಸಿಕೆ ಹಾಕಿಸಲು ಮನೆಮನೆ ತಿರುಗುತ್ತಾರೆ, ಮಿಸ್ಬಾಳ ಹೆರಿಗೆಗೂ ಅವರೇ ಜೊತೆಗಿದ್ದವರು.

"ಏನು ಲತೀಫಾ, ಈ ಕೆಮ್ಮು ಎಷ್ಟು ದಿನದ್ದು?"

"ನಿನ್ನಿ ಮೊನ್ನಿದು ಅಕ್ಕಾ. ಮಳ್ಯಾಗ ತೋಯ್ದಿದ್ದೆ."

"ನಿನ್ನಿ ಮೊನ್ನಿದು ಅಲ್ಲ. ನಮ್ಮ ಮನಿ ತನಾ ಕೇಳಸಾಕತ್ತದ. ದವಾಖಾನಿಗೆ ಬಾ, ಕಫ ತಪಾಸ್ ಮಾಡಸೋಣು."

ಕಫ ಎಂಬ ಮಾತು ಕೇಳಿದ್ದೇ ಸರ್ದಾರಬಿ ಸಿಡಿದಳು. "ಕಫ ಯಾಕ ತಪಾಸ್ ಮಾಡಸ್ತಾರ, ನಮಗೂ ಗೊತ್ತದ. ಅಂಥಾ ಬಿಮಾರಿ ನಮ್ಮ ಮನ್ಯಾಗ ಇಲ್ಲ ಬಾಯೀ! ಮಂದಿ ಕಿವಿಗೆ ಬಿದ್ರ ನಮ್ಮ ಕೈಯಾಗಿನ ಹೂವ ದೇವರಿಗೆ ಯಾರ್ ಏರಸ್ತಾರ?"

"ಅಮ್ಮಾ, ಅದು ಇರಲಿ ಬಿಡಲಿ, ನೋಡ್ದೇ ಹ್ಯಾಂಗ ಗೊತ್ತಾಗ್ತದ?"

"ಗೊತ್ತಾಗೂದೇ ಬ್ಯಾಡ!"

ಲತೀಫಾ ತಲೆ ತಗ್ಗಿಸಿ ಒಳಗೆ ಹೋದಳು. ಅವಳ ಮನಸ್ಸೂ ಅದನ್ನೇ ಹೇಳುತ್ತಿತ್ತು.

ಶ್ರಾವಣದ ಕಡೆಯ ಸೋಮವಾರ. ನಾರಾಯಣಪುರದಿಂದ ದೊಡ್ಡ ಹಾರಕ್ಕೆ ಹೇಳಿಕಳಿಸಿದ್ದರು. ಮಹೆಬೂಬ ಬೆಳಗಾಗುತ್ತಲೇ ಅಂಗಡಿ ತೆರೆಯಲು ಹೋಗಿದ್ದ, ಸರ್ದಾರಬಿ ನೀರಿಗೆ ಹೋಗಿದ್ದಳು. ಲತೀಫಾ ಕೋಣೆಯ ಮೂಲೆಗೆ ಹೋಗಿ ಗೋಣಿಚೀಲ ಸರಿಸಿ, ಕಸದ ಕಟ್ಟನ್ನು ಎತ್ತಿ ಕೊಡವಿದಳು. ಬಿಳಿ ಪುಡಿ ಮುಖಕ್ಕೆ ಹಾರಿತು. ಒಂದು ಸೀನು, ಎರಡು ಸೀನು, ಆಮೇಲೆ ಲೆಕ್ಕವಿಲ್ಲ. ಸೀನು ನಿಂತಾಗ ಉಸಿರೂ ನಿಂತಂತಾಯಿತು. ಎಳೆದುಕೊಂಡರೆ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಎದೆಗೆ ಯಾರೋ ಹಗ್ಗ ಸುತ್ತಿ ಬಿಗಿದ ಹಾಗೆ. ಕೂಗಬೇಕೆಂದು ಬಾಯಿ ತೆರೆದರೆ ದನಿಯಿಲ್ಲ. ಗೋಡೆಗೆ ಆನಿಕೊಂಡು ಕುಸಿದಳು. 'ಇಷ್ಟೇ, ಮುಗೀತು' ಅನ್ನಿಸಿತು.

ಕಣ್ಣೆತ್ತಿದರೆ ಬಾಗಿಲಲ್ಲಿ ಮಿಸ್ಬಾ. ಮಗು ಹೊಸ್ತಿಲ ಆಚೆಗೇ ನಿಂತಿತ್ತು. ಓಡಿ ಬರಲಿಲ್ಲ, ಮುಟ್ಟಲಿಲ್ಲ. ದೂರ ನಿಲ್ಲು ಎಂದು ಕಲಿಸಿದ್ದಳಲ್ಲ, ದೂರವೇ ನಿಂತು ಗದಗದ ನಡುಗುತ್ತಿತ್ತು. ಲತೀಫಾ ಕೈ ಚಾಚಿದಳು. ಮಗು ಹಿಂದೆ ಸರಿದು, ಚಿಟ್ಟನೆ ಚೀರಿ ಹೊರಗೋಡಿತು.

ಆ ಚೀರಾಟ ಕೇಳಿಯೇ ವಿಜಯಶ್ರೀ ಬಂದದ್ದು. ಬಂದವರೇ ಲತೀಫಾಳನ್ನು ಮುಂದಕ್ಕೆ ಬಾಗಿಸಿ ಕೂರಿಸಿದರು. ಅಷ್ಟರಲ್ಲಿ ಯಾರೋ ಹೇಳಿ ಮಹೆಬೂಬನೂ ಅಂಗಡಿಯಿಂದ ಓಡಿಬಂದ. ಆಟೋದಲ್ಲಿ ಹಾಕಿಕೊಂಡು ಊರಿನ ದವಾಖಾನೆಗೆ ಹೋದರು. ಮೂಗಿಗೆ ಮುಖವಾಡ ಕಟ್ಟಿ ಔಷಧದ ಆವಿ ಕೊಟ್ಟ ಮೇಲೆ ಉಸಿರು ಮೆಲ್ಲಗೆ ದಾರಿಗೆ ಬಂತು. ಕಫದ ತಪಾಸಣೆ, ಎದೆಯ ಎಕ್ಸ್‌ರೇ ಫೋಟೋ ತಪ್ಪದೇ ಮಾಡಿಸಿಕೊಳ್ಳಿ ಎಂದು ಅಲ್ಲಿಯ ಡಾಕ್ಟರರು ಹೇಳಿದರು.

ಲತೀಫಾ ಗಂಡನ ಅಂಗಿ ಹಿಡಿದು ಅತ್ತಳು. "ನಂಗ ಅಮ್ಮೀದೇ ಬಿಮಾರಿ ಆಗೇದ್ರಿ. ನಾ ಹೇಳಲಿಲ್ಲ. ಮಿಸ್ಬಾಗ ಹತ್ತಿತ್ತೋ ಏನೋ ಅಂತ ಜೀವ ಹೋಗಾಕತ್ತದ."

ಮಹೆಬೂಬನ ಮುಖ ಬಿಳುಚಿಕೊಂಡಿತು. ಅತ್ತಿತ್ತ ನೋಡಿ, "ಈ ಊರಾಗ ಬ್ಯಾಡ. ಎಲ್ಲಾರೂ ನಮ್ಮ ಗಿರಾಕಿನೇ. ಹುಮನಾಬಾದಿಗಿ ಹೋಗೋಣು" ಎಂದ.

ವಿಜಯಶ್ರೀಗೆ ಸಿಟ್ಟು ಬಂತು. "ಬಿಮಾರಿ ಊರು ನೋಡಿ ಬರ್ತದೇನ್ರಿ? ಹೋಗ್ರಿ, ಎಲ್ಲೆರೆ ಹೋಗ್ರಿ, ಆದ್ರ ಇವತ್ತೇ ಹೋಗ್ರಿ. ನಾನೂ ಬರ್ತೀನಿ."

ಹುಮನಾಬಾದಿನ ಬಸ್ಸಿನಲ್ಲಿ ಲತೀಫಾ ಕಿಟಕಿಗೆ ಮುಖ ಮಾಡಿ, ಬಾಯಿಗೆ ಸೆರಗು ಒತ್ತಿಕೊಂಡು ಕೂತಳು. ಯಾರೋ ಪರಿಚಯದವರು ಎಲ್ಲಿಗೆಂದು ಕೇಳಿದರೆ "ಶಾದಿಗಿ" ಎಂದ ಮಹೆಬೂಬ. ಮದುವೆಗೆ ಹೋಗುವವರ ಮುಖ ಹಾಗಿರುತ್ತದೆಯೇ? ಕೇಳಿದವರೂ ನಂಬಲಿಲ್ಲ.

ದವಾಖಾನೆಯಲ್ಲಿ ಎದೆಯ ಫೋಟೋ ತೆಗೆದರು. ಕಫ ಒಂದು ಸಲ ಕೊಟ್ಟರೆ ಮುಗಿಯಲಿಲ್ಲ, ನಸುಕಿನ ಕಫವೂ ಬೇಕೆಂದು ಮರುದಿನ ಮತ್ತೆ ಹೋಗಬೇಕಾಯಿತು. ಫಲಿತಾಂಶಕ್ಕಾಗಿ ಬೆಂಚಿನ ಮೇಲೆ ಕೂತರು.

"ಅಕ್ಕಾ," ಎಂದಳು ವಿಜಯಶ್ರೀಗೆ, "ನಂಗೇನರೆ ಆದ್ರ ಮಿಸ್ಬಾಗ ನನ್ನ ನೆಪ್ಪು ಹ್ಯಾಂಗ ಇರ್ತದ ಹೇಳ್ರಿ? ಕೈ ಅಡ್ಡ ಹಿಡಿದು ಬೈದಾಕಿ ಅಂತನೇ ಇರ್ತದ."

ವಿಜಯಶ್ರೀ ಅವಳ ಕೈ ಹಿಡಿದುಕೊಂಡರು. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಡಾಕ್ಟರ್ ಮಚ್ಚೇಂದ್ರ ನಡುವಯಸ್ಸಿನವರು. ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು. "ಟಿ.ಬಿ. ಇಲ್ಲ. ಕಫ ಸಾಫ್ ಅದ, ಎದಿನೂ ಸಾಫ್ ಅದ."

ಲತೀಫಾ ನಂಬಲಿಲ್ಲ. "ನಮ್ಮ ಅಮ್ಮಗ ಇತ್ರಿ ಸಾಹೇಬ್ರ. ಮತ್ತೊಮ್ಮೆ ನೋಡ್ರಿ."

"ತಾಯಿಗೆ ಇತ್ತು ಅಂತ ಇಷ್ಟು ವರ್ಷದ ಮ್ಯಾಲ ನಿನಗ ಬರಬೇಕಂತ ಇಲ್ಲವ್ವಾ. ಒಂದು ಮಾತು ಕೇಳು. ಖರೇನ ಟಿ.ಬಿ. ಇದ್ದಿದ್ರೂ ಈಗ ಸಾಯೂ ಕಾಲ ಅಲ್ಲ. ಸರಕಾರದವರು ಗುಳಿಗಿ ಫುಕಟ್ ಕೊಡ್ತಾರ, ಪೂರಾ ತಗೊಂಡ್ರ ವಾಸಿ ಆಗ್ತದ. ಮುಚ್ಚಿಟ್ಟವ್ರೇ ಸಾಯ್ತಾರ. ಇರ್ಲಿ, ಈ ಕೆಮ್ಮು ಯಾವಾಗ ಬರ್ತದ, ಯಾವಾಗ ಹೋಗ್ತದ?"

"ಮಳಿಗಾಲದಾಗ ಬರ್ತದ್ರಿ. ಹೋದ ವರ್ಷ ದೀಪಾವಳಿ ಮುಂದ ತಾನೇ ಹೋಗಿತ್ತು."

"ಟಿ.ಬಿ. ಹಿಂಗ ಹಬ್ಬ ನೋಡಿ ಬಂದು ಹಬ್ಬ ನೋಡಿ ಹೋಗಂಗಿಲ್ಲ. ಇದು ಅಲರ್ಜಿ. ಮೂಗಿಂದ ಸುರು ಆಗಿ ಎದಿಗೆ ಇಳಿದದ, ದಮ್ಮು, ಅಂದ್ರ ಅಸ್ತಮಾ ಆಗೇದ. ಕೆಲಸ ಏನು ಮಾಡ್ತೀರಿ? ಮನ್ಯಾಗ ಏನೇನು ಮುಟ್ತೀರಿ?"

ಮಹೆಬೂಬ ಚಟ್ಟನೆ ಮಧ್ಯೆ ಬಂದ. "ಹೂವಿನವ್ರು ಸಾಹೇಬ್ರ. ಸೇವಂತಿ, ಗುಲಾಬಿ, ಕಾಕಡಾ. ಅಷ್ಟೇ."

ಎಂದವನು ಹೆಂಡತಿಯ ಕಡೆ ನೋಡಿದ. ಆ ನೋಟದ ಅರ್ಥ ಅವಳಿಗೆ ಗೊತ್ತಿತ್ತು. ಹಾರಕ್ಕೆ ಕಸ ಹಾಕುತ್ತೇವೆಂದು ಹೊರಗೆ ಗೊತ್ತಾದರೆ ಅಂಗಡಿಯ ಕತೆ ಮುಗಿಯಿತು. ಲತೀಫಾ ನೆಲ ನೋಡಿದಳು. ಡಾಕ್ಟರರು ಗುಳಿಗೆ ಬರೆಯುತ್ತಾ ಹೇಳಿದರು. "ಔಷಧ ಕೊಡ್ತೀನಿ. ಆದ್ರ ಯಾವುದರಿಂದ ಆಗ್ತದ ಅನ್ನೂದು ಸಿಗದಿದ್ರ ಮತ್ತ ಬರ್ತದ. ಈ ಸಲ ಉಸರು ತಿರುಗಿ ಬಂತು. ಪ್ರತಿ ಸಲ ಬರ್ತದಂತ ಹೇಳಾಕ ಬರಂಗಿಲ್ಲ."

ಲತೀಫಾಳ ಕಣ್ಣಮುಂದೆ ಹೊಸ್ತಿಲ ಆಚೆ ನಡುಗುತ್ತಿದ್ದ ಮಗಳು ಬಂದಳು.

"ಇನ್ನೊಂದು ಅದ ಸಾಹೇಬ್ರ," ಎಂದಳು. "ಕಾಂಗ್ರೆಸ್ ಕಸ. ಹಾರ ದಪ್ಪ ಕಾಣಲಿ ಅಂತ ಹಾಕ್ತೀವಿ. ನಾ ಮಲಗೂ ಕ್ವಾಣ್ಯಾಗೇ ಒಟ್ಟೀನಿ."

ಡಾಕ್ಟರರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆಂದು ಮಹೆಬೂಬ ಕುಗ್ಗಿ ಕೂತಿದ್ದ. ಅವರು ಬೈಯಲಿಲ್ಲ. "ಇದನ್ನ ಮೊದಲೇ ಹೇಳಬೇಕಿಲ್ಲೇನವ್ವಾ? ಆ ಕಸದ ಹೂವಿನ ಪುಡಿನೇ ನಿನ್ನ ಬಿಮಾರಿ ಇರಬೇಕು. ಅದನ್ನ ತಲಿದಿಂಬಿಗೆ ಇಟ್ಕೊಂಡು ಮಲಗೀದಿ" ಎಂದರು.

ಮಹೆಬೂಬನಿಗೆ ಈಗ ಧೈರ್ಯ ಬಂತು. "ಅದು ಹ್ಯಾಂಗ ಆಗ್ತದ್ರಿ? ಮದುವಿ ಆಗಿ ಬಂದಾಗಿಂದ ಅದೇ ಕಸ ಕೊಯ್ಯಾಕತ್ತಾಳ. ಆವಾಗ ಬರಲಾರದ್ದು ಈಗ ಹ್ಯಾಂಗ ಬರ್ತದ? ಅಲರ್ಜಿ ಅಂದ್ರ ಸಣ್ಣ ಹುಡುಗರಿಗೆ ಬರೂದು."

"ನಿಮ್ಮ ಬಾಜೂ ಮನಿಯವ್ರು ವರ್ಷಗಟ್ಟಲೆ ಸುಮ್ಮ ಇದ್ದು, ಒಂದಿನ ಸಣ್ಣ ಮಾತಿಗೆ ಜಗಳಕ್ಕ ನಿಂದ್ರಂಗಿಲ್ಲೇನು? ಮೈದೂ ಹಂಗೇ. ಎಷ್ಟೋ ವರ್ಷ ಸಹಿಸಿಕೊಂಡಿದ್ದು ಒಮ್ಮೆ ತಿರುಗಿ ಬೀಳ್ತದ. ಮೂವತ್ತಕ್ಕೂ ಬರ್ತದ, ಐವತ್ತಕ್ಕೂ ಬರ್ತದ. ಒಮ್ಮೆ ಜಗಳ ಹತ್ತಿತು ಅಂದ್ರ ಅದರ ಸನೇಕ ಹೋಗಬಾರದು. ಸೇವಂತಿ, ಚೆಂಡು ಹೂವಾನೂ ಆ ಕಸದ ಖಾನ್ದಾನ, ಅದೇ ಕುಲದವು. ಅವನ್ನೂ ಸ್ವಲ್ಪ ದಿನ ಬಿಡಲಿ. ಗುಲಾಬಿ, ಕಾಕಡಾ ಕಟ್ಟಿ ನೋಡ್ಲಿ. ಏನೂ ಆಗಲಿಲ್ಲಂದ್ರ ಅವನ್ನೇ ಕಟ್ಟಲಿ."

ಸೀನಿಗೆ, ತುರಿಕೆಗೆ ಗುಳಿಗೆ ಕೊಟ್ಟರು. ಎದೆಗೆ ಬಾಯಲ್ಲಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟು, ಹೇಗೆ ಎಳೆಯಬೇಕೆಂದು ತಾವೇ ಮಾಡಿ ತೋರಿಸಿದರು.

"ಪಂಪ್ ಹಿಡಿದ್ರ ಚಟ ಆಗ್ತದಂತಲ್ರಿ?" ಎಂದ ಮಹೆಬೂಬ.

"ತಂಬಾಕು ಚಟ ಆಗ್ತದ. ಇದು ಆಗಂಗಿಲ್ಲ" ಎಂದರು ಡಾಕ್ಟರು, ಅವನ ಕಿಸೆಯಲ್ಲಿದ್ದ ತಂಬಾಕಿನ ಡಬ್ಬಿ ನೋಡುತ್ತಾ.

ಲತೀಫಾಗೆ ಕೇಳಬೇಕಾದ್ದು ಒಂದೇ ಉಳಿದಿತ್ತು. "ಇದು... ಮಗಳಿಗಿ ಹತ್ತತದೇನ್ರಿ? ಸನೇಕ ಕುಂತ್ರ?"

"ಇಲ್ಲವ್ವಾ. ಅಲರ್ಜಿ ಒಬ್ಬರಿಂದ ಒಬ್ಬರಿಗೆ ಹತ್ತಂಗಿಲ್ಲ."

ಮನೆಗೆ ಬಂದು ಹೇಳಿದರೆ ಸರ್ದಾರಬಿ ಒಪ್ಪಬೇಕಲ್ಲ! "ಹೂವಿನವ್ರ ಮನಿ ಸೊಸಿಗೆ ಹೂವೇ ಆಗಂಗಿಲ್ಲಂದ್ರ ಮಂದಿ ನಗ್ತಾರ" ಎಂದಳು.

"ನಗ್ಲಿ ಅಮ್ಮಾ," ಎಂದ ಮಹೆಬೂಬ. ತಾಯಿಗೆ ಎದುರಾಡದವನು ಅವತ್ತು ಆಡಿದ. "ನಾ ಈಕಿ ಉಸರು ನಿಂತಿದ್ದು ನೋಡೀನಿ. ನೀ ನೋಡಿಲ್ಲ."

ಅವನು ಬಾಯಿ ಮೂಗಿಗೆ ಹಸಿ ಬಟ್ಟೆ ಕಟ್ಟಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಆ ಕಸವನ್ನೆಲ್ಲ ಹೊರಗೆ ಸಾಗಿಸಿದ. ಸುಟ್ಟರೆ ಹೊಗೆಯೂ ಕೆಡುಕೆಂದು ವಿಜಯಶ್ರೀ ಹೇಳಿದ್ದರಿಂದ ಗುಂಡಿ ತೆಗೆದು ಹುಗಿದ. ಕೋಣೆಯನ್ನು ಹಸಿ ಬಟ್ಟೆಯಿಂದ ಒರೆಸಿ, ಹಾಸಿಗೆಯನ್ನೆಲ್ಲ ಒಗೆದರು. ಕಸದ ಬದಲು ಹಾರದ ನಡುವೆ ಈಗ ಮರುಗ ಸೇರಿತು. ಒಂದೆರಡು ವಾರ ಕಳೆಯುವಷ್ಟರಲ್ಲಿ ಎದೆಯ ಸೀಟಿ ನಿಂತಿತು. ಲತೀಫಾ ನಡುವೆ ಏಳದೇ ನಿದ್ದೆ ಮಾಡಿದಳು. ಅದನ್ನು ಕಣ್ಣಾರೆ ಕಂಡ ಮೇಲೆಯೇ ಸರ್ದಾರಬಿ ಲೋಬಾನದ ಕೆಂಡವನ್ನು ಅಂಗಳಕ್ಕೆ ಸಾಗಿಸಿದ್ದು. "ಡಾಕ್ಟರ್ ಅಂದಿದ್ದು ಖರೆ ಇರಬೇಕು ಬಿಡು" ಎಂದಳು. ಅವಳ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

ಎಲ್ಲ ಸರಿಹೋಯಿತು ಎಂದುಕೊಂಡಳು ಲತೀಫಾ. ಒಂದು ಸಂಜೆ ಮಿಸ್ಬಾ ಶಾಲೆಯಿಂದ ಬಂದಾಗ ಎರಡೂ ಕೈ ಚಾಚಿ ಕರೆದಳು.

"ಬಾ ಬೇಟಾ. ಇಲ್ಲಿ ಬಾ."

ಹುಡುಗಿ ಹೊಸ್ತಿಲ ಮೇಲೆ ನಿಂತಳು. ಬರಲಿಲ್ಲ.

"ಬಾ ಅಂದ್ರ. ಈಗ ಏನೂ ಆಗಂಗಿಲ್ಲ."

ಮಿಸ್ಬಾ ಅಜ್ಜಿಯ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಅಮ್ಮೀ, ನಾ ಮುಟ್ಟಿದ್ರ ನೀ ಸಾಯಂಗಿಲ್ಲಲ್ಲ?"

ಮಗು ಇಷ್ಟು ದಿನ ತಿಳಿದುಕೊಂಡಿದ್ದು ಅದನ್ನು. ತನ್ನ ಕೈ ತಾಕಿದರೆ ತಾಯಿಗೆ ಕೇಡು ಎಂದು. ಲತೀಫಾ ಎದ್ದು ಹೋಗಿ ಹೊಸ್ತಿಲಲ್ಲೇ ಕೂತು ಮಗಳನ್ನು ಅವುಚಿಕೊಂಡಳು. ಬಹಳ ಹೊತ್ತು ಅತ್ತಳು. ಆ ಅಳುವಿನಲ್ಲಿ, ಅಂದು ತನ್ನ ಕಡೆ ಕೈಚಾಚಿದ ತಾಯಿಯ ನೆನಪೂ ಇತ್ತು.

ಓದುತ್ತಿರುವ ಅಕ್ಕ, ಅಣ್ಣ, ಕೇಳುತ್ತಿರುವ ಅವ್ವ, ಅಪ್ಪ, ಲತೀಫಾಗೆ ಈಗಲೂ ಮಳೆಗಾಲದಲ್ಲಿ ಸೀನು ಬರುತ್ತದೆ. ಕಸ ಅವಳ ಮನೆಯಿಂದ ಹೋಗಿದೆ, ಊರಿಂದ ಹೋಗಿಲ್ಲ. ಪಂಪು ಕೈಗೆ ಸಿಗುವಲ್ಲೇ ಇರುತ್ತದೆ. ಈಗ ಮಳೆ ಶುರುವಾಗುತ್ತಲೇ ಓಣಿಯವರು ಕೂಡಿ, ಕೈ ಮೂಗು ಮುಚ್ಚಿಕೊಂಡು, ಹೂ ಬಿಡುವ ಮೊದಲೇ ಆ ಗಿಡ ಕಿತ್ತು ಹುಗಿಯುತ್ತಾರೆ. ಅಲರ್ಜಿ ಇದ್ದವರನ್ನು ಆ ಕೆಲಸಕ್ಕೆ ಕರೆಯುವುದಿಲ್ಲ. ನಿಮ್ಮ ಓಣಿಯಲ್ಲೂ ಹೀಗೆ ಮಾಡಿ.

ಇಷ್ಟು ವರ್ಷ ಇಲ್ಲದ ಸೀನು, ಕಣ್ಣುರಿ, ದಮ್ಮು ದೊಡ್ಡವರಾದ ಮೇಲೆ ಬಂದರೆ, ಪ್ರತಿ ವರ್ಷ ಅದೇ ಕಾಲಕ್ಕೆ ಬಂದರೆ, ಅದು ನಜರೂ ಅಲ್ಲ, ಪಾಪವೂ ಅಲ್ಲ. ಎರಡು ವಾರ ದಾಟಿದ ಕೆಮ್ಮು ಯಾವುದೇ ಇರಲಿ, ಕಫ ತಪಾಸಣೆ ಮಾಡಿಸಿ. ಟಿ.ಬಿ. ಆಗಿದ್ದರೆ ಔಷಧವಿದೆ, ಅಲರ್ಜಿಯಾಗಿದ್ದರೆ ಅದಕ್ಕೂ ಔಷಧವಿದೆ. ಮಾತಾಡಲೂ ಆಗದಷ್ಟು ಉಸಿರು ಕಟ್ಟಿದರೆ ಹೊಗೆ ಹಾಕುತ್ತಾ ಕೂಡಬೇಡಿ, ಆ ಕ್ಷಣವೇ ದವಾಖಾನೆಗೆ ಓಡಿ. ಡಾಕ್ಟರರ ಮುಂದೆ ಏನನ್ನೂ ಮುಚ್ಚಿಡಬೇಡಿ.

ಲತೀಫಾಳ ಬಿಮಾರಿ ಯಾರಿಗೂ ಅಂಟುವಂಥದ್ದಲ್ಲ. ಅವಳ ಹೆದರಿಕೆ ಮಾತ್ರ ಆರು ವರ್ಷದ ಮಗುವಿಗೆ ಅಂಟಿತು. ನಿಮ್ಮ ಮನೆಯಲ್ಲಿ ಯಾರಾದರೂ ಕೆಮ್ಮನ್ನು ಸೆರಗಿನಲ್ಲಿ ಅಡಗಿಸುತ್ತಿದ್ದರೆ ಅವರನ್ನು ಬೈಯಬೇಡಿ, ಮೂಲೆಗೆ ಕೂರಿಸಬೇಡಿ. ನಾಳೆ ಎನ್ನದೇ ಇವತ್ತೇ ಕೈ ಹಿಡಿದು ದವಾಖಾನೆಗೆ ಕರೆದುಕೊಂಡು ಹೋಗಿ.